ನೀರು ಮುಟ್ಟಿತು, ಸುದ್ದಿ ಮುಟ್ಟಲಿಲ್ಲ

1953ರ ಜನವರಿ 31, ಶನಿವಾರ. ಇಂಗ್ಲೆಂಡಿನ ಪೂರ್ವ ಕರಾವಳಿಯ ಹನ್‌ಸ್ಟಾಂಟನ್ ಎಂಬ ಪುಟ್ಟ ಊರಿನಿಂದ ಸಂಜೆ 7.27ರ ರೈಲು ಕಿಂಗ್ಸ್ ಲಿನ್ ಕಡೆಗೆ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕತ್ತಲೆಯೊಳಗಿಂದ ನೀರು ನುಗ್ಗಿ ಬಂತು. ನೀರಿನ ಜೊತೆ ಒಂದು ಮನೆಯೂ ಬಂತು. ತಳ ಬಿಟ್ಟು ತೇಲಿಕೊಂಡು ಬಂದ ಬಂಗಲೆ ಎಂಜಿನ್ನಿಗೆ ಗುದ್ದಿತು. ರೈಲು ಅಲ್ಲೇ ನಿಂತಿತು. ಪ್ರಯಾಣಿಕರು ಸುತ್ತ ನೀರು, ಒಳಗೆ ಕತ್ತಲೆ, ಹೀಗೆ ಗಂಟೆಗಟ್ಟಲೆ ಕೂತರು.

ಅದೇ ಹೊತ್ತಿಗೆ ಅಲ್ಲಿಂದ ಬಹಳ ದಕ್ಷಿಣಕ್ಕೆ, ಥೇಮ್ಸ್ ನದಿ ಸಮುದ್ರ ಸೇರುವ ಬಾಯಲ್ಲಿರುವ ಕ್ಯಾನ್ವಿ ದ್ವೀಪದಲ್ಲಿ, ಜನ ವಾರಾಂತ್ಯದ ಸಂಜೆ ಕಳೆಯುತ್ತಿದ್ದರು. ಆಮೇಲೆ ದೀಪ ಆರಿಸಿ ಮಲಗಿದರು. ಅದೇ ನೀರು ಕರಾವಳಿಗುಂಟ ಇಳಿಯುತ್ತ ಕ್ಯಾನ್ವಿ ಮುಟ್ಟಿದ್ದು ರಾತ್ರಿ ಒಂದು ಗಂಟೆ ದಾಟಿದ ಮೇಲೆ. ನಡುವೆ ಐದು ಗಂಟೆಗೂ ಹೆಚ್ಚು ಸಮಯವಿತ್ತು. ಟೆಲಿಫೋನ್ ಇತ್ತು, ಪೊಲೀಸ್ ಠಾಣೆಗಳಿದ್ದವು, ರೇಡಿಯೋ ಇತ್ತು. ಕ್ಯಾನ್ವಿಯಲ್ಲಿ ಅರವತ್ತಕ್ಕೆ ಒಂದೆರಡು ಕಡಿಮೆ ಜನ ಸತ್ತರು. ಹೆಚ್ಚಿನವರಿಗೆ ಎಚ್ಚರವಾದದ್ದೇ ಹಾಸಿಗೆ ಒದ್ದೆಯಾದಾಗ.

ಬ್ರಿಟನ್ನಿನ ಹವಾಮಾನದ ಇತಿಹಾಸ ಓದುವಾಗೆಲ್ಲ ನಾನು ಸಿಕ್ಕಿಹಾಕಿಕೊಳ್ಳುವುದು ಈ ಐದು ಗಂಟೆಗಳಲ್ಲಿ. ಹವಾಮಾನವನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟ ದೇಶ ಇನ್ನೊಂದಿಲ್ಲ. ನಡು ಇಂಗ್ಲೆಂಡಿನ ಉಷ್ಣಾಂಶದ ಲೆಕ್ಕ 1659ರಿಂದ, ತಿಂಗಳು ತಪ್ಪದೆ, ನಮ್ಮ ಕೈಯಲ್ಲಿದೆ; ಥರ್ಮಾಮೀಟರ್ ಹಿಡಿದು ಅಳೆದ ದಾಖಲೆಗಳಲ್ಲಿ ಜಗತ್ತಿನಲ್ಲೇ ಇದು ಅತಿ ಉದ್ದದ್ದು. ಪಾದ್ರಿಗಳು, ವೈದ್ಯರು, ಜಮೀನುದಾರರು ತಮ್ಮ ಪಾಡಿಗೆ ಬರೆದುಕೊಂಡಿದ್ದ ಡೈರಿಗಳನ್ನು ಹುಡುಕಿ, ಒಂದರ ಜೊತೆ ಒಂದನ್ನು ಹೊಂದಿಸಿ ಆ ಸರಪಳಿ ಕಟ್ಟಿದವನು ಗಾರ್ಡನ್ ಮ್ಯಾನ್ಲಿ ಎಂಬ ಭೂಗೋಳದ ಪ್ರಾಧ್ಯಾಪಕ. ಅದರ ಮುಖ್ಯ ಭಾಗವನ್ನು ಅವನು ಪ್ರಕಟಿಸಿದ ವರ್ಷ ಯಾವುದು ಗೊತ್ತೇ? 1953. ಇನ್ನೂರೈವತ್ತು ವರ್ಷಗಳ ಹವೆಯ ಲೆಕ್ಕ ಒಪ್ಪವಾಗಿ ಅಚ್ಚಾದ ವರ್ಷದಲ್ಲೇ, ಐದು ಗಂಟೆ ಮೊದಲು ನೆರೆ ಜಿಲ್ಲೆಗೆ ಬಂದ ನೀರಿನ ಸುದ್ದಿ ಕ್ಯಾನ್ವಿಗೆ ಹೋಗಲಿಲ್ಲ. ಬರೆದಿಡುವುದೂ ಹೇಳಿಕಳಿಸುವುದೂ ಬೇರೆ ಬೇರೆ ವಿದ್ಯೆ. ಮೊದಲನೆಯದು ಅವರಿಗೆ ಬೇಗ ಕೈಹತ್ತಿತು. ಎರಡನೆಯದಕ್ಕೆ ಬಹಳ ಹೆಣಗಳನ್ನು ಎಣಿಸಬೇಕಾಯಿತು.

ಎಣಿಕೆ ಶುರುವಾದದ್ದು ಮಕ್ಕಳ ಮೇಲೆ ಅನುಮಾನಪಟ್ಟ ಒಬ್ಬ ಅಪ್ಪನಿಂದ ಎನ್ನಬಹುದು. 1703ರ ನವೆಂಬರ್ ಕೊನೆಯ ವಾರ ಲಂಡನ್ನಿನ ಒಂದು ಮನೆಯಲ್ಲಿ ಬ್ಯಾರೋಮೀಟರಿನ ಪಾದರಸ ಎಂದೂ ಇಳಿಯದಷ್ಟು ಕೆಳಗೆ ಇಳಿದಿತ್ತು. ಮನೆಯ ಯಜಮಾನ ಅದನ್ನು ನೋಡಿ, ಮಕ್ಕಳು ಕೊಳವೆ ಮುಟ್ಟಿ ಹಾಳು ಮಾಡಿರಬೇಕು ಎಂದುಕೊಂಡ. ಅವನ ಹೆಸರು ಡೇನಿಯಲ್ ಡೆಫೋ. ‘ರಾಬಿನ್ಸನ್ ಕ್ರೂಸೋ’ ಬರೆಯಲು ಇನ್ನೂ ಹದಿನಾರು ವರ್ಷ ಬಾಕಿ. ಆಗ ಅವನು ಸಾಲದಲ್ಲಿ ಮುಳುಗಿದ್ದ, ಚರ್ಚಿನ ಮುಖಂಡರನ್ನು ಅಣಕಿಸಿ ಬರೆದದ್ದಕ್ಕೆ ಮೂರು ದಿನ ಕಟಕಟೆಗೆ ಕಟ್ಟಿಸಿಕೊಂಡು, ಜೈಲಿನಿಂದ ಆಗಷ್ಟೇ ಹೊರಬಂದಿದ್ದ ಮನುಷ್ಯ. ಆಗಿನ ಪಂಚಾಂಗದ ಪ್ರಕಾರ ನವೆಂಬರ್ 26ರ ರಾತ್ರಿ ಬಿರುಗಾಳಿ ಬಂತು. ಕೊಳವೆ ಸರಿಯಾಗಿಯೇ ಇತ್ತು.

ಆ ರಾತ್ರಿ ಏನೇನಾಯಿತು ಎಂಬುದನ್ನು ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ವೆಲ್ಸ್ ಎಂಬ ಊರಿನಲ್ಲಿ ಬಿಷಪ್ ರಿಚರ್ಡ್ ಕಿಡ್ಡರ್ ಮತ್ತು ಅವರ ಹೆಂಡತಿ ಮಲಗಿದ್ದಲ್ಲೇ ಚಿಮಣಿ ಕುಸಿದು ಸತ್ತರು. ಲಂಡನ್ನಿನಲ್ಲಿ ರಾಣಿ ಆ್ಯನ್ ಅರಮನೆಯ ನೆಲಮಾಳಿಗೆಗೆ ಇಳಿದಳು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಸೀಸದ ಚಾವಣಿ ಚಾಪೆಯ ಹಾಗೆ ಸುತ್ತಿಕೊಂಡು ಎದ್ದಿತು. ಸಮುದ್ರದ ನಡುವಿನ ಎಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟಿದ್ದ ಹೆನ್ರಿ ವಿನ್‌ಸ್ಟನ್ಲಿ, ದೊಡ್ಡ ಗಾಳಿಯಲ್ಲಿ ಅದರೊಳಗೇ ಇದ್ದು ನೋಡಬೇಕು ಎಂದು ಹಂಬಲಿಸುತ್ತಿದ್ದನಂತೆ. ಆ ರಾತ್ರಿ ಅವನು ಅಲ್ಲೇ ಇದ್ದ. ಬೆಳಿಗ್ಗೆ ಸ್ತಂಭವೂ ಇರಲಿಲ್ಲ, ಅವನೂ ಇರಲಿಲ್ಲ. ಕೆಂಟ್ ಕರಾವಳಿಯ ಗುಡ್ವಿನ್ ಮರಳದಿಬ್ಬಗಳ ಮೇಲೆ ನೌಕಾಪಡೆಯ ಹಡಗುಗಳು ಒಡೆದು ಸಾವಿರಕ್ಕೂ ಮೀರಿ ನಾವಿಕರು ಹೋದರು. ಒಟ್ಟು ಸತ್ತವರು ಎಂಟು ಸಾವಿರ ಎಂಬುದು ಒಂದು ಅಂದಾಜು.

ಡೆಫೋ ಮಾಡಿದ ಕೆಲಸ ಹೊಸದು. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ: ನಿಮ್ಮ ನಿಮ್ಮ ಊರಿನಲ್ಲಿ ಆ ರಾತ್ರಿ ಏನಾಯಿತು, ಕಣ್ಣಾರೆ ಕಂಡದ್ದನ್ನು ಬರೆದು ಕಳಿಸಿ. ಹಳ್ಳಿ ಪಾದ್ರಿಗಳಿಂದ, ನಾವಿಕರಿಂದ ಕಾಗದಗಳು ಬಂದವು. ತಾನೂ ಕುದುರೆ ಹತ್ತಿ ಕೆಂಟ್ ಸುತ್ತಿ ಉರುಳಿದ ಮರಗಳನ್ನು ಎಣಿಸತೊಡಗಿ, ಹದಿನೇಳು ಸಾವಿರಕ್ಕೆ ಸಾಕಾಗಿ ಕೈಬಿಟ್ಟ. 1704ರಲ್ಲಿ ಇದೆಲ್ಲ ‘ದಿ ಸ್ಟಾರ್ಮ್’ ಎಂಬ ಪುಸ್ತಕವಾಯಿತು. ಅದರಲ್ಲಿ ಅವನು ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ: ಬಿರುಗಾಳಿಯ ಮರುದಿನಗಳಲ್ಲಿ ಸಾವಿರ ಹೆಂಚಿಗೆ 21 ಶಿಲಿಂಗ್ ಇದ್ದ ಬೆಲೆ ಆರು ಪೌಂಡಿಗೆ, ಅಂದರೆ 120 ಶಿಲಿಂಗಿಗೆ, ಏರಿತು. ಇದನ್ನು ಬರೆಯುವಾಗ ಅವನ ಕೈ ನಡುಗಿರಬೇಕು. ಏಕೆಂದರೆ ಟಿಲ್ಬರಿಯಲ್ಲಿ ಅವನದೇ ಇಟ್ಟಿಗೆ-ಹೆಂಚಿನ ಕಾರ್ಖಾನೆ ಇತ್ತು, ಅವನು ಜೈಲಿನಲ್ಲಿದ್ದಾಗ ಅದು ಮುಚ್ಚಿಹೋಗಿತ್ತು.

ಆದರೆ ಡೆಫೋನ ಪುಸ್ತಕದಲ್ಲಿ ಒಂದು ಪ್ರಶ್ನೆ ಬರುವುದಿಲ್ಲ. ಪಾದರಸ ಇಳಿದದ್ದು ಮೊದಲೇ ಕಂಡಿತ್ತಲ್ಲ, ಯಾರಿಗಾದರೂ ಹೇಳಬಹುದಿತ್ತೇ? ಆಗ ಅದು ಪ್ರಶ್ನೆಯೇ ಅಲ್ಲ. ಬಿರುಗಾಳಿ ದೇವರ ಕೋಪ. 1704ರ ಜನವರಿಯಲ್ಲಿ ಸರ್ಕಾರ ಇಡೀ ದೇಶಕ್ಕೆ ಉಪವಾಸದ ದಿನ ಸಾರಿತು. ಅಲ್ಲದೆ ಹೇಳುವುದಾದರೂ ಹೇಗೆ? ಗಾಳಿಗಿಂತ ವೇಗವಾಗಿ ಓಡುವ ಕುದುರೆ ಇಲ್ಲ.

ಗಾಳಿಗಿಂತ ವೇಗದ ಕುದುರೆ ಬಂದದ್ದು ನೂರೈವತ್ತು ವರ್ಷಗಳ ನಂತರ, ತಂತಿಯ ರೂಪದಲ್ಲಿ. ಅದರ ಮೇಲೆ ಸವಾರಿ ಮಾಡಿದವನು ರಾಬರ್ಟ್ ಫಿಟ್ಜ್‌ರಾಯ್. ಈ ಹೆಸರು ನಮಗೆ ಪರಿಚಯವಿದ್ದರೆ ಡಾರ್ವಿನ್ನನ ಹಡಗು ‘ಬೀಗಲ್’ನ ಕಪ್ತಾನನಾಗಿ ಮಾತ್ರ. ಆಮೇಲೆ ನ್ಯೂಜಿಲೆಂಡಿನ ಗವರ್ನರ್ ಆಗಿ, ಮಾವೋರಿಗಳ ಭೂಮಿಯ ಹಕ್ಕಿನ ಪರ ಮಾತಾಡಿ ವಲಸಿಗ ಬಿಳಿಯರ ಸಿಟ್ಟಿಗೆ ಗುರಿಯಾಗಿ, ಹಿಂದಕ್ಕೆ ಕರೆಸಿಕೊಳ್ಳಲ್ಪಟ್ಟ. 1854ರಲ್ಲಿ ಬ್ರಿಟಿಷ್ ಸರ್ಕಾರ ಅವನನ್ನು ಒಂದು ಸಣ್ಣ ಕಚೇರಿಯಲ್ಲಿ ಕೂರಿಸಿತು: ಹಡಗುಗಳಿಂದ ಹವೆಯ ಅಂಕಿ ಕೂಡಿಸುವ ಕೆಲಸ. ಇಂದಿನ ಮೆಟ್ ಆಫೀಸಿನ ಹುಟ್ಟು ಅದು. ಗಮನಿಸಿ, ಕೆಲಸ ಅಂಕಿ ಕೂಡಿಸುವುದಷ್ಟೇ. ಮುಂದೇನಾಗುತ್ತದೆ ಎಂದು ಹೇಳುವುದಲ್ಲ. ಅದೇ ವರ್ಷ ಪಾರ್ಲಿಮೆಂಟಿನಲ್ಲಿ ಸದಸ್ಯನೊಬ್ಬ, ಲಂಡನ್ನಿನ ಹವೆಯನ್ನು ಇಪ್ಪತ್ತನಾಲ್ಕು ಗಂಟೆ ಮೊದಲೇ ತಿಳಿಯುವ ದಿನ ಬರಬಹುದು ಎಂದಾಗ ಸಭೆ ನಕ್ಕಿತು. ಆ ನಗು ಕಲಾಪದ ಕಡತದಲ್ಲೂ ದಾಖಲಾಗಿದೆ.

ನಗು ನಿಂತದ್ದು 1859ರ ಅಕ್ಟೋಬರಿನಲ್ಲಿ. ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ದುಡಿದವರನ್ನೂ ಅವರ ಚಿನ್ನವನ್ನೂ ಹೊತ್ತು ಮೆಲ್ಬರ್ನಿನಿಂದ ಲಿವರ್‌ಪೂಲಿಗೆ ಬರುತ್ತಿದ್ದ ‘ರಾಯಲ್ ಚಾರ್ಟರ್’ ಎಂಬ ಹಡಗು, ಎರಡು ತಿಂಗಳ ಪಯಣ ಮುಗಿದು ಇನ್ನೇನು ಊರು ಸೇರಬೇಕು ಎನ್ನುವಾಗ, ವೇಲ್ಸಿನ ಆಂಗಲ್ಸೀ ದ್ವೀಪದ ಬಂಡೆಗಳಿಗೆ ಬಡಿಯಿತು. ಸುಮಾರು 450 ಜನ ಸತ್ತರು. ದಡ ಕೂಗಳತೆಯಲ್ಲಿತ್ತು. ಸೊಂಟಕ್ಕೆ ಚಿನ್ನ ಕಟ್ಟಿಕೊಂಡು ನೀರಿಗೆ ಹಾರಿದವರು ಆ ಭಾರಕ್ಕೇ ಮುಳುಗಿದರು ಎಂಬ ಮಾತು ಅಲ್ಲಿ ಇಂದಿಗೂ ಇದೆ. ಹೊರನಾಡಿಗೆ ಹೋಗಿ ದುಡಿದು, ಗಂಟು ಕಟ್ಟಿಕೊಂಡು ಮರಳುವವರ ಕಥೆ. ನಮ್ಮಂಥವರಿಗೆ ಓದುವಾಗ ಬೇರೆಯದೇ ರೀತಿಯಲ್ಲಿ ತಾಗುತ್ತದೆ. ಚಾರ್ಲ್ಸ್ ಡಿಕನ್ಸ್ ಆ ಹಳ್ಳಿಗೆ ಹೋಗಿ, ಹೆಣಗಳನ್ನು ಗುರುತಿಸಿ ಮಣ್ಣು ಮಾಡಿ ನೂರಾರು ಕುಟುಂಬಗಳಿಗೆ ಒಂದೊಂದಾಗಿ ಕಾಗದ ಬರೆದ ಪಾದ್ರಿಯನ್ನು ಕಂಡು ಬರೆದ. ಅದೇ ಗಾಳಿಯಲ್ಲಿ ಒಟ್ಟು 133 ಹಡಗುಗಳು ಮುಳುಗಿದವು.

ಫಿಟ್ಜ್‌ರಾಯ್ ಅಂಕಿಗಳನ್ನು ಹರಡಿಕೊಂಡು ಕೂತ. ಬಿರುಗಾಳಿ ದಕ್ಷಿಣದಿಂದ ಉತ್ತರಕ್ಕೆ ಗಂಟೆಗಟ್ಟಲೆ ಸಾಗಿ ಬಂದಿತ್ತು. ದಕ್ಷಿಣದ ಬಂದರಿನವರು ಉತ್ತರದವರಿಗೆ ಒಂದು ತಂತಿ ಕಳಿಸಿದ್ದರೆ ಸಾಕಿತ್ತು. 1861ರ ಫೆಬ್ರವರಿಯಲ್ಲಿ ಅವನು ಅದನ್ನೇ ಆರಂಭಿಸಿದ. ಕರಾವಳಿಯ ಹತ್ತಾರು ಠಾಣೆಗಳಿಂದ ಬೆಳಿಗ್ಗೆ ತಂತಿ ಬರುತ್ತಿತ್ತು. ಅಪಾಯ ಕಂಡರೆ ಲಂಡನ್ನಿನಿಂದ ತಂತಿ ಹೋಗುತ್ತಿತ್ತು. ಬಂದರಿನ ಕಂಬದ ಮೇಲೆ ಕಪ್ಪು ಬಟ್ಟೆಯ ಶಂಕುಗಳೂ ಡ್ರಮ್ಮುಗಳೂ ಏರುತ್ತಿದ್ದವು. ಓದು ಬಾರದ ಬೆಸ್ತನಿಗೂ ದೂರದಿಂದ ಕಾಣುವ ಭಾಷೆ ಅದು. ಅದೇ ವರ್ಷ ಆಗಸ್ಟ್ 1ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಮೊದಲ ಸಾರ್ವಜನಿಕ ಮುನ್ಸೂಚನೆ ಅಚ್ಚಾಯಿತು. ಇದು ಭವಿಷ್ಯವಾಣಿ ಅಲ್ಲ, ಜೋಯಿಸರ ಮಾತಲ್ಲ ಎಂದು ತೋರಿಸಲು ‘ಫೋರ್‌ಕಾಸ್ಟ್’ ಎಂಬ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವನೂ ಅವನೇ.

ಹೇಳಲು ಹೊರಟವನ ಪಾಡು ಏನಾಗುತ್ತದೋ ಅದೇ ಆಯಿತು. ಸರಿಯಾದ ದಿನ ಯಾರೂ ನೆನೆಯಲಿಲ್ಲ, ತಪ್ಪಿದ ದಿನ ಪತ್ರಿಕೆಗಳು ಗೇಲಿ ಮಾಡಿದವು. ಶಂಕು ಏರಿದ ದಿನ ದೋಣಿಗಳು ದಡದಲ್ಲೇ ಉಳಿಯುತ್ತಿದ್ದುದರಿಂದ ಕೆಲವು ಮಾಲೀಕರಿಗೆ ಸಿಟ್ಟು. ಲೆಕ್ಕದ ಆಧಾರವಿಲ್ಲದೆ ಊಹಿಸುತ್ತಾನೆ ಎಂದು ವಿಜ್ಞಾನಿಗಳಿಗೆ ಅಸಮಾಧಾನ. ಆ ಆಕ್ಷೇಪ ಸುಳ್ಳೂ ಅಲ್ಲ. ಕಿವಿ ಮಂದವಾಗಿ, ಕೈಯ ಹಣವೆಲ್ಲ ಕರಗಿ, ಮನಸ್ಸು ಕುಗ್ಗಿ, 1865ರ ಏಪ್ರಿಲ್ 30ರ ಭಾನುವಾರ ಬೆಳಿಗ್ಗೆ ಫಿಟ್ಜ್‌ರಾಯ್ ತನ್ನ ಪ್ರಾಣ ತಾನೇ ತೆಗೆದುಕೊಂಡ. ಅವನ ಸಂಸಾರಕ್ಕೆ ಕೂಡಿಸಿದ ನಿಧಿಗೆ ಡಾರ್ವಿನ್ ನೂರು ಪೌಂಡ್ ಕೊಟ್ಟ. ಮರುವರ್ಷ ಫ್ರಾನ್ಸಿಸ್ ಗಾಲ್ಟನ್ ನೇತೃತ್ವದ ಸಮಿತಿ, ಈ ಮುನ್ಸೂಚನೆಗಳಿಗೆ ವೈಜ್ಞಾನಿಕ ತಳಹದಿ ಇಲ್ಲ ಎಂದಿತು. ಶಂಕುಗಳು ಕೆಳಗಿಳಿದವು. ಆಗ ಗಲಾಟೆ ಎಬ್ಬಿಸಿದವರು ಯಾರು? ಅದೇ ಸಮುದ್ರದ ಜನ. ತಪ್ಪಿದರೂ ಚಿಂತೆಯಿಲ್ಲ, ಹೇಳುವವನೊಬ್ಬ ಬೇಕು ಎಂದರು. 1867ರಲ್ಲಿ ಬಿರುಗಾಳಿಯ ಎಚ್ಚರಿಕೆ ಮರಳಿತು. ಸಾಮಾನ್ಯರಿಗಾಗಿ ಮುನ್ಸೂಚನೆ ಮರಳಲು 1879 ಬರಬೇಕಾಯಿತು.

ಫಿಟ್ಜ್‌ರಾಯ್ ಕಚೇರಿಯಲ್ಲಿ ಕೆಲಕಾಲ ದುಡಿದ ಜಾರ್ಜ್ ಸೈಮನ್ಸ್ ಎಂಬ ಯುವಕ ಮಾತ್ರ ಜಾಣ. ಅವನು ಹೇಳುವ ಉಸಾಬರಿಗೆ ಹೋಗದೆ ಬರೆದಿಡುವ ದಾರಿ ಹಿಡಿದ. 1860ರಲ್ಲಿ 168 ಕಡೆಯ ಮಳೆಯ ಲೆಕ್ಕದಿಂದ ಶುರು ಮಾಡಿ, 1900ರಲ್ಲಿ ಸಾಯುವ ಹೊತ್ತಿಗೆ ಮೂರು ಸಾವಿರದ ನಾನೂರಕ್ಕೂ ಹೆಚ್ಚು ಸ್ವಯಂಸೇವಕರ ಜಾಲ ಕಟ್ಟಿದ. ಯಾರಿಗೂ ಸಂಬಳವಿಲ್ಲ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹಿತ್ತಲಿಗೆ ಹೋಗಿ ಮಾಪಕದ ನೀರು ಅಳೆದು ಬರೆಯಬೇಕು, ಅಷ್ಟೆ. ನಮ್ಮೂರಿನ ತಾಲ್ಲೂಕು ಕಚೇರಿಯ ಆವರಣದಲ್ಲಿ, ಬೇಲಿಯೊಳಗೆ ಸಿಮೆಂಟಿನ ಕಟ್ಟೆಯಲ್ಲಿ ಹೂತಿಟ್ಟ ಲಾಳಿಕೆಯಂಥ ಮಳೆಮಾಪಕವನ್ನು ನೀವು ಕಂಡಿರಬಹುದು. ಗುಮಾಸ್ತ ಬೆಳಿಗ್ಗೆ ಎಂಟೂವರೆಗೆ ಬಂದು ಅಳೆಯುತ್ತಿದ್ದುದು ಅದರಲ್ಲೇ. ಆ ಮಾಪಕಕ್ಕೆ ನಮ್ಮ ಕೃಷಿ ಮತ್ತು ಎಂಜಿನಿಯರಿಂಗ್ ಪಠ್ಯಗಳಲ್ಲಿ ಇಂದಿಗೂ ಸೈಮನ್ಸ್ ಮಾಪಕ ಎಂದೇ ಹೆಸರು. ಅಂದಹಾಗೆ ಭಾರತದ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿದ್ದರ ಹಿಂದೆಯೂ ಒಂದು ಬಿರುಗಾಳಿ ಇದೆ, 1864ರ ಕಲ್ಕತ್ತಾ ಚಂಡಮಾರುತ. ಜೊತೆಗೆ ಮಳೆ ಕೈಕೊಟ್ಟ ವರ್ಷಗಳೂ. ಪುಣೆಯಲ್ಲಿರುವವರು ದಿನವೂ ದಾಟುವ ‘ಸಿಮ್ಲಾ ಆಫೀಸ್’ ವೃತ್ತದ ಹೆಸರು, ಆ ಇಲಾಖೆ 1928ರಲ್ಲಿ ಸಿಮ್ಲಾದಿಂದ ಗಂಟುಮೂಟೆ ಕಟ್ಟಿ ಬಂದ ಗುರುತು.

ಇಷ್ಟೆಲ್ಲ ಕಟ್ಟಿಕೊಂಡಿದ್ದ ದೇಶವೇ 1953ಕ್ಕೆ ಬಂದು ನಿಂತದ್ದು. ಆ ರಾತ್ರಿಗೆ ವಾಪಸು ಹೋಗೋಣ.

ಶನಿವಾರ ಬೆಳಿಗ್ಗೆಯೇ ಗಾಳಿ ಸ್ಕಾಟ್ಲೆಂಡಿನ ತಲೆಯ ಮೇಲಿತ್ತು. ಸ್ಟ್ರಾನ್ರಾರ್ ಬಂದರಿನಿಂದ ಉತ್ತರ ಐರ್ಲೆಂಡಿಗೆ ಹೊರಟ ‘ಪ್ರಿನ್ಸೆಸ್ ವಿಕ್ಟೋರಿಯಾ’ ಎಂಬ ದೊಡ್ಡ ದೋಣಿಯ ಹಿಂಬಾಗಿಲನ್ನು ಅಲೆ ಮುರಿಯಿತು. ರೇಡಿಯೋ ಆಪರೇಟರ್ ಡೇವಿಡ್ ಬ್ರಾಡ್‌ಫುಟ್ ಕೊನೆಯವರೆಗೂ ಕುರ್ಚಿ ಬಿಡದೆ ಸಂದೇಶ ಕಳಿಸುತ್ತಲೇ ಮುಳುಗಿದ. 130ಕ್ಕೂ ಹೆಚ್ಚು ಜನ ಸತ್ತರು. ಹೆಂಗಸರು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಆಗ ಮಧ್ಯಾಹ್ನ ಸುಮಾರು ಎರಡು ಗಂಟೆ. ಹನ್‌ಸ್ಟಾಂಟನ್ನಿನ ರೈಲು ಹೊರಡಲು ಇನ್ನೂ ಐದು ಗಂಟೆ ಇತ್ತು. ಅಂದರೆ ಈ ಗಾಳಿ ಕೊಲ್ಲುವ ಗಾಳಿ ಎಂಬುದು ಹಗಲಿನಲ್ಲೇ ದೇಶಕ್ಕೆ ಗೊತ್ತು.

ಗೊತ್ತಿಲ್ಲದಿದ್ದದ್ದು ಗಾಳಿ ನೀರನ್ನು ಏನು ಮಾಡುತ್ತಿದೆ ಎಂಬುದು. ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಇದು ಸಣ್ಣ ಭಾಗ. ದೊಡ್ಡ ಭಾಗ ಉತ್ತರ ಸಮುದ್ರದ ಆಕಾರದ್ದು. ಅದು ಲಾಳಿಕೆಯ ಹಾಗೆ: ಉತ್ತರದಲ್ಲಿ ಅಗಲ, ಆಳ, ಇಂಗ್ಲೆಂಡ್ ಮತ್ತು ಹಾಲೆಂಡ್ ನಡುವೆ ಬರುತ್ತ ಕಿರಿದು, ಆಳ ಕಡಿಮೆ. ಉತ್ತರದಿಂದ ಬೀಸಿದ ಗಾಳಿ ನೀರನ್ನೆಲ್ಲ ಈ ಕಿರಿದಾದ ಬಾಯಿಗೆ ತಳ್ಳಿತು. ಎರಡು ದಿನ ಹಿಂದಷ್ಟೇ ಹುಣ್ಣಿಮೆ, ಹಾಗಾಗಿ ಭರತವೂ ದೊಡ್ಡದು. ಎರಡೂ ಸೇರಿ ನೀರು ಲೆಕ್ಕಕ್ಕಿಂತ ಎರಡು ಮೀಟರಿಗೂ ಹೆಚ್ಚು ಎತ್ತರಕ್ಕೆ ಎದ್ದಿತು. ಇಂಗ್ಲೆಂಡಿನ ಪೂರ್ವ ದಡದಲ್ಲಿ ಭರತ ಉತ್ತರದಿಂದ ದಕ್ಷಿಣಕ್ಕೆ ಊರಿಂದ ಊರಿಗೆ ನಡೆದು ಬರುತ್ತದೆ. ಪ್ರತಿ ಬಂದರಿನ ಗೋಡೆಯ ಮೇಲೆ ಅದರ ವೇಳಾಪಟ್ಟಿ ತೂಗುಹಾಕಿರುತ್ತಾರೆ. ಏಳು ಗಂಟೆಯ ಹೊತ್ತಿಗೆ ಲಿಂಕನ್‌ಶೈರ್. ಏಳೂವರೆಗೆ ಹನ್‌ಸ್ಟಾಂಟನ್, ಕಿಂಗ್ಸ್ ಲಿನ್. ನಡುರಾತ್ರಿಗೆ ಫೆಲಿಕ್ಸ್‌ಸ್ಟೋ. ಆಮೇಲೆ ಜೇವಿಕ್, ಕ್ಯಾನ್ವಿ. ರೈಲಿನ ವೇಳಾಪಟ್ಟಿಯಷ್ಟು ಖಚಿತವಾಗಿ ಬಂದ ಸಾವು ಇದು.

ಸುದ್ದಿ ಏಕೆ ಹೋಗಲಿಲ್ಲ? ಕೆಟ್ಟವರು ಯಾರೂ ಇಲ್ಲದ ಕಥೆ ಇದು, ಅದಕ್ಕೇ ನೋವು ಹೆಚ್ಚು. ಶನಿವಾರ ಸಂಜೆ, ಕಚೇರಿಗಳು ಮುಚ್ಚಿದ್ದವು. ಉತ್ತರದಲ್ಲಿ ತಂತಿಗಳು ಹರಿದಿದ್ದವು. ನೀರು ನುಗ್ಗಿದ ಊರಿನವರು ತಮ್ಮವರನ್ನು ಎಳೆದು ಹಾಕುವ ಗಡಿಬಿಡಿಯಲ್ಲಿದ್ದರು. ಒಂದೊಂದು ಜಿಲ್ಲೆಗೆ ಒಂದೊಂದು ಪೊಲೀಸ್, ಒಂದೊಂದು ನದಿಗೆ ಒಂದೊಂದು ಮಂಡಳಿ. ಕೆಳಗಿನ ಊರಿಗೆ ಫೋನ್ ಮಾಡಬೇಕಾದದ್ದು ಇಂಥವರ ಕೆಲಸ ಎಂದು ಇಡೀ ಕರಾವಳಿಗೆ ಅನ್ವಯಿಸುವಂತೆ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬರೆಯದ ಕೆಲಸವನ್ನು ಸ್ವಂತ ಬುದ್ಧಿಯಿಂದ ಮಾಡಿದವರು ಅಲ್ಲಲ್ಲಿ ಇದ್ದರು, ಕೆಲವು ಬೀದಿಗಳು ಹಾಗೆ ಉಳಿದವು. ಉಳಿದ ಕಡೆ ಜನ ನಿದ್ದೆಯಲ್ಲಿದ್ದರು. ಉತ್ತರ ಸಮುದ್ರದ ಆಚೆ ದಡದಲ್ಲಿ ಹಾಲೆಂಡಿನ ರೇಡಿಯೋ ಎಂದಿನಂತೆ ನಡುರಾತ್ರಿಗೆ ಬಾಗಿಲು ಹಾಕಿತು; ಅಲ್ಲಿ ಸತ್ತವರು 1,836.

ಇನ್ನೊಂದು ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ. ಫೆಲಿಕ್ಸ್‌ಸ್ಟೋ, ಜೇವಿಕ್, ಕ್ಯಾನ್ವಿ ಮೂರೂ ಕಡೆ ನೀರು ಸಮುದ್ರದ ಕಡೆಯಿಂದ ಬರಲಿಲ್ಲ. ಸಮುದ್ರಕ್ಕೆ ಎದುರಾಗಿ ಗೋಡೆ ಗಟ್ಟಿಯಾಗಿತ್ತು. ಹಿಂದಿನ ನದಿ, ಹಿನ್ನೀರು, ಜೌಗಿನ ಕಡೆಯ ಒಡ್ಡು ತಗ್ಗಾಗಿತ್ತು. ನೀರು ಹಿತ್ತಲ ಬಾಗಿಲಿನಿಂದ ಬಂತು. ಸತ್ತವರು ಯಾರು ಎಂದು ನೋಡಿದರೆ ಅದೂ ಹಿತ್ತಲ ಕಥೆಯೇ. ಫೆಲಿಕ್ಸ್‌ಸ್ಟೋದಲ್ಲಿ ಸತ್ತ ಸುಮಾರು ನಲವತ್ತು ಮಂದಿಯಲ್ಲಿ ಬಹುಪಾಲು ಯುದ್ಧಾನಂತರ ಮನೆಯಿಲ್ಲದವರಿಗೆಂದು ಜೋಡಿಸಿ ನಿಲ್ಲಿಸಿದ ತಾತ್ಕಾಲಿಕ ಮನೆಗಳವರು. ಜೇವಿಕ್ ಮತ್ತು ಕ್ಯಾನ್ವಿಯಲ್ಲಿ ಅಗ್ಗದ ತಗ್ಗು ಜಾಗದಲ್ಲಿ ರಜೆಗೆಂದು ಕಟ್ಟಿದ ಮರದ ಗುಡಿಸಲುಗಳಿದ್ದವು. ಲಂಡನ್ನಿನಲ್ಲಿ ಬಾಡಿಗೆ ಕೊಡಲಾಗದವರು, ಕೆಲಸದಿಂದ ನಿವೃತ್ತರಾದ ಮುದುಕರು ಅಲ್ಲಿ ಚಳಿಗಾಲದಲ್ಲೂ ನೆಲೆಸಿದ್ದರು. ಮಹಡಿ ಇಲ್ಲದ ಮನೆ. ಚಾವಣಿ ಹತ್ತಿದವರೂ ಬೆಳಗಾಗುವುದರೊಳಗೆ ರಾತ್ರಿ ಉಡುಪಿನಲ್ಲಿ ಚಳಿಗೆ ಸತ್ತರು. ಹನ್‌ಸ್ಟಾಂಟನ್ನಿನಲ್ಲಿ ರೀಸ್ ಲೆಮಿಂಗ್ ಎಂಬ ಇಪ್ಪತ್ತೆರಡರ ಅಮೆರಿಕನ್ ವಾಯುಪಡೆಯ ಹುಡುಗ, ಈಜು ಬಾರದವನು, ರಬ್ಬರ್ ದೋಣಿಯನ್ನು ಎಳೆಯುತ್ತ ಎದೆಮಟ್ಟದ ನೀರಿನಲ್ಲಿ ನಡೆದು 27 ಜನರನ್ನು ಹೊತ್ತು ತಂದ.

ಇಂಗ್ಲೆಂಡಿನ ನೆಲದ ಮೇಲೆ ಆ ರಾತ್ರಿ ಸತ್ತವರು 307. ಆಮೇಲೆ ಸಮಿತಿ ಕೂತಿತು, ಕರಾವಳಿಗೆ ಎಚ್ಚರಿಕೆಯ ಏರ್ಪಾಡು ಹುಟ್ಟಿತು. ಗೋಡೆಗಳು ಎತ್ತರವಾದವು. ಲಂಡನ್ ಕಾಯುವ ಥೇಮ್ಸ್ ತಡೆಗೋಡೆ ಮುಗಿಯಲು ಮಾತ್ರ ಮೂವತ್ತು ವರ್ಷ ಹಿಡಿಯಿತು. ರಾಣಿ ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದ್ದು 1984ರಲ್ಲಿ. ಈ ಖರ್ಚೆಲ್ಲ ಯಾಕೆ ಎಂದು ಕೇಳುವವರಿಗೆ ಉತ್ತರ 2013ರ ಡಿಸೆಂಬರ್ 5ರ ರಾತ್ರಿ. ಅಂದು ಅದೇ ಕರಾವಳಿಯಲ್ಲಿ, ಹಲವು ಕಡೆ 1953ಕ್ಕಿಂತ ಎತ್ತರಕ್ಕೆ ನೀರು ಎದ್ದಿತು. ಸುಮಾರು 2,800 ಮನೆ, ಅಂಗಡಿಗಳಿಗೆ ನೀರು ನುಗ್ಗಿತು, ಹೆಮ್ಸ್‌ಬಿಯಲ್ಲಿ ಮನೆಗಳು ಕಡಲಿಗೆ ಉರುಳಿದವು. ಮೊದಲೇ ತಿಳಿಸಿ ಸಾವಿರಾರು ಜನರನ್ನು ಎಬ್ಬಿಸಿದ್ದರು. ಬ್ರಿಟನ್ನಿನಲ್ಲಿ ಆ ಬಿರುಗಾಳಿಗೆ ಸತ್ತವರು ಇಬ್ಬರು, ಇಬ್ಬರೂ ಗಾಳಿಯ ಹೊಡೆತಕ್ಕೆ. ನೀರಿನಲ್ಲಿ ಒಬ್ಬರೂ ಮುಳುಗಲಿಲ್ಲ. ಪತ್ರಿಕೆಗಳಲ್ಲಿ ಅದು ಎರಡು ದಿನದ ಸುದ್ದಿ. ಮರುದಿನ ಬೆಳಿಗ್ಗೆ ಎಲ್ಲ ಕಡೆ ನೆಲ್ಸನ್ ಮಂಡೇಲಾ ತೀರಿಕೊಂಡ ಸುದ್ದಿ.

1987ರ ಅಕ್ಟೋಬರ್ ಬಿರುಗಾಳಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇಗ ದಾಟುತ್ತೇನೆ. ಬಿ.ಬಿ.ಸಿ.ಯ ಮೈಕಲ್ ಫಿಶ್ ಮಧ್ಯಾಹ್ನ ನಗುತ್ತ, ಚಂಡಮಾರುತ ಬರುತ್ತಿದೆಯೆಂದು ಹೆಂಗಸೊಬ್ಬಳು ಫೋನ್ ಮಾಡಿದ್ದಾಳಂತೆ, ಹೆದರಬೇಡಿ ಎಂದ. ರಾತ್ರಿ ಒಂದೂವರೆ ಕೋಟಿ ಮರಗಳು ಉರುಳಿದವು, ಇಂಗ್ಲೆಂಡಿನಲ್ಲಿ 18 ಜನ ಸತ್ತರು. ಪಾಪ, ಅವನು ಹೇಳಿದ್ದು ಅಟ್ಲಾಂಟಿಕ್ ಆಚೆಯ ಬೇರೊಂದು ಚಂಡಮಾರುತದ ಬಗ್ಗೆ ಎಂದು ಅವನೇ ಜೀವಮಾನವಿಡೀ ಹೇಳಿಕೊಂಡು ಬಂದ. ಅದರ ಮರುವರ್ಷ ರಾಷ್ಟ್ರೀಯ ಎಚ್ಚರಿಕೆ ಸೇವೆ ಆರಂಭವಾಯಿತು. ನನಗೆ ಇಷ್ಟವಾದದ್ದು ಕ್ಯೂ ಉದ್ಯಾನದ ಒಂದು ಹಳೆಯ ಓಕ್ ಮರದ ಕಥೆ. ಬಹಳ ಕಾಲದಿಂದ ಸೊರಗಿದ್ದ ಆ ಮರವನ್ನು ಗಾಳಿ ಬೇರುಸಹಿತ ಎತ್ತಿ ಮತ್ತೆ ಅದೇ ಗುಂಡಿಗೆ ಕುಕ್ಕಿತು. ಕೆಲ ವರ್ಷಗಳಲ್ಲಿ ಅದು ಚಿಗುರಿ ಬೆಳೆಯಿತು. ಜನ ತುಳಿದು ಗಟ್ಟಿಯಾಗಿದ್ದ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಆಗುತ್ತಿರಲಿಲ್ಲ ಎಂಬುದು ಆಗ ತಿಳಿಯಿತು.

ಈಗ ದಾಖಲೆಗಳ ಮಾತು. ಬ್ರಿಟನ್ನಿನ ಅತಿ ಕಡಿಮೆ ಉಷ್ಣಾಂಶ ಮೈನಸ್ 27.2 ಡಿಗ್ರಿ, ಸ್ಕಾಟ್ಲೆಂಡಿನ ಬ್ರೇಮರ್ ಇದನ್ನು ಎರಡು ಸಲ, 1895ರಲ್ಲೂ 1982ರಲ್ಲೂ, ಮುಟ್ಟಿದೆ. ಇಪ್ಪತ್ತನಾಲ್ಕು ಗಂಟೆಯ ಅತಿ ಹೆಚ್ಚು ಮಳೆ 341.4 ಮಿಲಿಮೀಟರ್, 2015ರ ಡಿಸೆಂಬರಿನಲ್ಲಿ ಹಾನಿಸ್ಟರ್ ಕಣಿವೆಯಲ್ಲಿ. ಆಗುಂಬೆ ಕಡೆಯವರಿಗೆ ಇದು ಒಂದು ಜೋರು ಮಳೆಯ ದಿನ. ಮುಂಬಯಿಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಬಿದ್ದದ್ದು 944. ಆದರೆ ಆ ದಿನದ ನಿಜವಾದ ಪಾಠ ಇನ್ನೊಂದು ಅಂಕಿಯಲ್ಲಿದೆ: ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 73. ದಕ್ಷಿಣ ಮುಂಬಯಿಯ ಆಫೀಸುಗಳಲ್ಲಿ ಕೂತವರಿಗೆ ತಮ್ಮ ಮನೆ ಮುಳುಗುತ್ತಿರುವುದು ಗೊತ್ತೇ ಇರಲಿಲ್ಲ. ಲೋಕಲ್ ಹಿಡಿಯಲು ಹೊರಟು ಹಳಿಗಳ ಮೇಲೆ ರಾತ್ರಿ ಕಳೆದವರು ನಿಮ್ಮಲ್ಲೂ ಇರಬಹುದು.

ದಾಖಲೆ ಒಪ್ಪಿಕೊಳ್ಳುವಲ್ಲಿ ಬ್ರಿಟಿಷರು ಮಹಾ ಜಿಗುಟು. 2018ರ ಜೂನಿನಲ್ಲಿ ಸ್ಕಾಟ್ಲೆಂಡಿನ ಮದರ್‌ವೆಲ್‌ನಲ್ಲಿ 33.2 ಡಿಗ್ರಿ ದಾಖಲಾಗಿ ಹೊಸ ದಾಖಲೆ ಎಂದು ಸಂಭ್ರಮಿಸಿದರು. ಪರಿಶೀಲಿಸಿದಾಗ, ಮಾಪಕದ ಹತ್ತಿರ ಎಂಜಿನ್ ಚಾಲೂ ಇಟ್ಟು ವಾಹನವೊಂದು ನಿಂತಿದ್ದುದು ತಿಳಿದು ಅಂಕಿಯನ್ನು ತಳ್ಳಿಹಾಕಿದರು. ಅದು ಐಸ್‌ಕ್ರೀಂ ಗಾಡಿ ಎಂದು ಪತ್ರಿಕೆಗಳು ಊಹಿಸಿದವು.

2022ರ ಜುಲೈ 19ರಂದು ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ ಬಂದ 40.3ಕ್ಕೆ ಯಾವ ಐಸ್‌ಕ್ರೀಂ ಗಾಡಿಯೂ ಕಾರಣವಲ್ಲ. ಹಿಂದಿನ ದಾಖಲೆಯಾದ 38.7ನ್ನು ಅಂದು ನಲವತ್ತಕ್ಕೂ ಹೆಚ್ಚು ಕೇಂದ್ರಗಳು ಮುರಿದವು. ಕಲಬುರಗಿಯವರು ನಕ್ಕಾರು, ನಲವತ್ತು ಒಂದು ಬಿಸಿಲೇ ಎಂದು. ಆದರೆ ಅಲ್ಲಿನ ಮನೆಗಳು ಶಾಖವನ್ನು ಹೊರಬಿಡದಂತೆ ಕಟ್ಟಿದವು. ರೈಲು ಹಳಿಗಳನ್ನು 27 ಡಿಗ್ರಿಗೆ ಹೊಂದಿಸಿ ಬಿಗಿದಿರುತ್ತಾರೆ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಮುಖ್ಯ ರೈಲು ಮಾರ್ಗ ಮುಚ್ಚಿತು, ಲೂಟನ್ ವಿಮಾನ ನಿಲ್ದಾಣದ ರನ್‌ವೇ ಉಬ್ಬಿತು, ಲಂಡನ್ನಿನ ಅಂಚಿನ ವೆನ್ನಿಂಗ್‌ಟನ್ ಹಳ್ಳಿಯಲ್ಲಿ ಒಣ ಹುಲ್ಲಿಗೆ ಹತ್ತಿದ ಬೆಂಕಿ ಮನೆಗಳನ್ನು ತಿಂದಿತು.

ಈ ಸಲ ಸುದ್ದಿ ಮುಟ್ಟಿತ್ತು. ಶಾಖಕ್ಕಾಗಿ ದೇಶದ ಚರಿತ್ರೆಯಲ್ಲೇ ಮೊದಲ ಕೆಂಪು ಎಚ್ಚರಿಕೆ ಮೂರ್ನಾಲ್ಕು ದಿನ ಮೊದಲೇ ಹೊರಟಿತ್ತು. ಟೀವಿ, ರೇಡಿಯೋ, ಮೊಬೈಲ್ ಎಲ್ಲದರಲ್ಲೂ ಅದೇ. ಆದರೂ ಆ ಬೇಸಿಗೆಯ ಐದು ಶಾಖದ ಅಲೆಗಳಲ್ಲಿ ಇಂಗ್ಲೆಂಡಿನಲ್ಲಿ ಹೆಚ್ಚುವರಿಯಾಗಿ ಸತ್ತವರು ಸುಮಾರು ಮೂರು ಸಾವಿರ ಎಂದು ಅಲ್ಲಿನ ಆರೋಗ್ಯ ಭದ್ರತಾ ಸಂಸ್ಥೆ ಲೆಕ್ಕ ಹಾಕಿತು. ಬಹುಪಾಲು ಅರವತ್ತೈದು ದಾಟಿದವರು. 1953ರ ರಾತ್ರಿಯ ಸುಮಾರು ಹತ್ತು ಪಟ್ಟು. ಚಾವಣಿ ಹತ್ತಿ ಕೂಗುವ ಸಾವಲ್ಲ ಇದು. ಮುಚ್ಚಿದ ಕಿಟಕಿಯ ಕೋಣೆಯಲ್ಲಿ ಒಬ್ಬೊಬ್ಬರಾಗಿ ಹೋಗುವ ಸಾವು. ಅಂಕಿಯಾಗಿ ಕಾಣಿಸಲು ತಿಂಗಳುಗಳು ಬೇಕು. ಕಡಲತೀರಕ್ಕೆ ಓಡಿದ ಜನರ ಫೋಟೋಗಳು ಪತ್ರಿಕೆಯ ಮುಖಪುಟದಲ್ಲಿ ಬಂದವು, ಇವರದು ಬರಲಿಲ್ಲ. ಫೋನ್ ಮಾಡಬೇಕಾದವರು ಯಾರೆಂಬುದು 1953ರಲ್ಲಿ ಬರೆದಿರಲಿಲ್ಲ. ಈಗ ಅದು ಬರೆದಿದೆ. ಬಾಗಿಲು ತಟ್ಟಿ, ಕಿಟಕಿಯ ಪರದೆ ಎಳೆದು, ಒಂದು ಲೋಟ ನೀರು ಕೊಡಬೇಕಾದವರು ಯಾರು ಎಂಬುದು ಇನ್ನೂ ಬರೆದಿಲ್ಲ.

2002ರಲ್ಲಿ ಬ್ರಿಟನ್ನಿನ ಸುತ್ತಲ ಸಮುದ್ರದ ಒಂದು ಪ್ರದೇಶಕ್ಕೆ ಫಿಟ್ಜ್‌ರಾಯ್ ಹೆಸರಿಟ್ಟರು. ನಾವಿಕರಿಗಾಗಿ ರೇಡಿಯೋದಲ್ಲಿ ಓದುವ ಮುನ್ಸೂಚನೆಯಲ್ಲಿ ಆ ಹೆಸರು ದಿನವೂ ಬರುತ್ತದೆ. 2024ರ ಡಿಸೆಂಬರ್ 6ರ ಸಂಜೆ, ‘ಡಾರಾ’ ಎಂಬ ಬಿರುಗಾಳಿ ಬರುವ ಮೊದಲು, ವೇಲ್ಸ್ ಮತ್ತು ನೈರುತ್ಯ ಇಂಗ್ಲೆಂಡಿನ ಸುಮಾರು ಮೂವತ್ತು ಲಕ್ಷ ಜನರ ಮೊಬೈಲುಗಳು ಒಮ್ಮೆಲೇ ಸೈರನ್ನಿನಂತೆ ಕೂಗಿಕೊಂಡವು, ಸೈಲೆಂಟಿನಲ್ಲಿಟ್ಟವರವೂ ಸೇರಿ. ಸದ್ದಿಗೆ ಬೆಚ್ಚಿಬಿದ್ದೆವು, ಮಗು ಎದ್ದು ಅತ್ತಿತು ಎಂದು ದೂರಿದವರೂ ಇದ್ದರು.